ಸಮುದ್ರದವರಿಗೆ ಸೇರಬೇಕಾದ ಚಿತ್ರ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಯಾರೂ ಹೇಳಿಲ್ಲ. ಆದರೆ ತಮ್ಮ ಯಾವ ಚಿತ್ರದ ಮೂಲೆಯಲ್ಲೂ ಅವರು ಹೆಸರು ಹಾಕಿದವರಲ್ಲ. ಯಾಕೆ ಸಾರ್ ಎಂದು ಕೇಳಿದರೆ, "ನಮ್ಮಪ್ಪ ಜೀವಮಾನವೆಲ್ಲ ಸೀರೆ ನೇಯ್ದ. ಯಾವ ಸೀರೆ ಮೇಲಾನಾ ಹೆಸರು ಹಾಕ್ದನೇನಪ್ಪಾ?" ಎಂದು ನಮ್ಮನ್ನೇ ಕೇಳುತ್ತಿದ್ದರು. ಹಿಂದೂಪುರದ ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ಟರಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರಿಗೂ ಅವರು ಡ್ರಾಯಿಂಗ್ ಸಾರ್. ನನಗೂ ಅಷ್ಟೇ.

ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಶಾಲೆಯವರು ಎರಡು ಸಲ ಕೇಳಿದರು, ಎರಡು ಸಲವೂ ನಾನು ಜಾರಿಕೊಂಡೆ. ಹೊಗಳಿ ಬರೆಯುವುದೇನೂ ಕಷ್ಟವಲ್ಲ, ಆ ಕೆಲಸದಲ್ಲಿ ನನ್ನ ಕೈ ಪಳಗಿದೆ. ಕಷ್ಟ ಬೇರೆಯದು. ಅವರು ಬರೆದ ಒಂದು ಚಿತ್ರ ಒಬ್ಬ ತಾಯಿಯ ಕೈ ಸೇರಬೇಕಿತ್ತು. ಅದನ್ನು ಹರಾಜಿಗಿಟ್ಟು, ಎಲ್ಲಿಗೆ ಹೋಯಿತೆಂದು ತಿಳಿಯದ ಹಾಗೆ ಕಳಿಸಿಬಿಟ್ಟವನು ನಾನು. ಇದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ, ಸೇರಿಸಿ ಬರೆದರೆ ನಾಚಿಕೆಯಾಗುತ್ತದೆ. ನಾಚಿಕೆಯೇ ಆಗಲಿ ಎಂದು ಈಗ ಕೂತಿದ್ದೇನೆ.

ನಾನು ಕನ್ನಡ ಮೇಷ್ಟ್ರು. ಊರು ಲೇಪಾಕ್ಷಿಯ ಹತ್ತಿರ, ದಿನವೂ ಬಸ್ಸಿನಲ್ಲಿ ಹಿಂದೂಪುರಕ್ಕೆ ಓಡಾಟ. ಆಂಧ್ರದ ನೆಲದಲ್ಲಿ ಕನ್ನಡ ಹೇಳಿಕೊಡುವವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮ ಮಕ್ಕಳ ಬಾಯಲ್ಲಿ ಎರಡು ಭಾಷೆ ಒಟ್ಟಿಗೇ ಬೆಳೆಯುತ್ತವೆ. ತೆಲುಗಿನಲ್ಲಿ ಹೆಂಗಸಿಗೂ ವಸ್ತುವಿಗೂ ಕ್ರಿಯಾಪದ ಒಂದೇ, 'ಅಕ್ಕ ವಚ್ಚಿಂದಿ' ಎಂದರೆ ತಪ್ಪಿಲ್ಲ. ಅದನ್ನೇ ಕನ್ನಡಕ್ಕೆ ತಂದು 'ಅಕ್ಕ ಬಂತು' ಎನ್ನುತ್ತವೆ. ಅಕ್ಕ ಬಂತು, ಅಮ್ಮ ಹೋಯ್ತು, ಟೀಚರ್ ಬೈತು! 'ಬಂದಳು ಅನ್ನೋ, ಅಕ್ಕ ಏನು ಎಮ್ಮೆಯೇನೋ?' ಎಂದು ರೇಗುತ್ತ ನನ್ನ ಸರ್ವೀಸು ಕಳೆದಿದೆ. ಬೀದಿಯಲ್ಲಿ, ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಕೂಡ ಜನರ ಮಾತು ತಿದ್ದುವ ಚಾಳಿ ನನಗೆ ಅಂಟಿಕೊಂಡಿತ್ತು. ಡ್ರಾಯಿಂಗ್ ಸಾರ್ ಒಮ್ಮೆ, "ನೀವು ಮಾತು ಕೇಳಾಕಿಲ್ಲ ಕಣ್ರೀ, ಬರೀ ಯಾಕರಣ ಕೇಳ್ತೀರಿ" ಎಂದರು. ನಾನು ತಕ್ಷಣ, "ಯಾಕರಣ ಅಲ್ಲ ಸಾರ್, ವ್ಯಾಕರಣ" ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅದರಲ್ಲಿ ನಗುವಂಥದ್ದೇನಿದೆ ಎಂದು ಆಗ ಅರ್ಥವಾಗಿರಲಿಲ್ಲ.

ಕಲ್ಯಾಣದುರ್ಗದ ಕಡೆ ಬಹಳ ವರ್ಷ ಕೆಲಸ ಮಾಡಿ ಅವರು ನಮ್ಮ ಶಾಲೆಗೆ ವರ್ಗವಾಗಿ ಬಂದರು. ಹಿಂದೂಪುರ ಅವರ ಸ್ವಂತ ಊರೇ. ನೇಕಾರರ ಮನೆತನ. ಮದುವೆಯಾಗಿರಲಿಲ್ಲ. ಎಲ್ಲರೂ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರೆ ಅವರ ಜೇಬಿನಲ್ಲಿ ಬೆಂಕಿಕಡ್ಡಿಗೆ ಸುತ್ತಿದ ಬಣ್ಣಬಣ್ಣದ ರೇಷ್ಮೆ ನೂಲು ಇರುತ್ತಿತ್ತು. ದಾರಿಯಲ್ಲಿ ಹೋಗುತ್ತ ಯಾವುದಾದರೂ ಗೋಡೆ, ಯಾವುದಾದರೂ ಎಮ್ಮೆಯ ಬೆನ್ನು ಕಣ್ಣಿಗೆ ಬಿದ್ದರೆ ನಿಂತುಬಿಡುವರು. ಒಂದು ಕಣ್ಣು ಮುಚ್ಚಿ, ನೂಲನ್ನು ಅದರ ಎದುರಿಗೆ ಹಿಡಿದು, "ಇದು ಕಪ್ಪಲ್ಲ ನೋಡಿ, ನೇರಳೆ" ಎನ್ನುವರು. ಜೊತೆಗಿದ್ದವನಿಗೆ ಬಸ್ಸು ತಪ್ಪುತ್ತಿತ್ತು. ನನಗೆ ಎಷ್ಟೋ ಸಲ ತಪ್ಪಿದೆ.

ಅವರು ಬಣ್ಣ ಬಳಸುತ್ತಿದ್ದ ರೀತಿಯೇ ವಿಚಿತ್ರ. ತಟ್ಟೆಯಲ್ಲಿ ಬಣ್ಣ ಕಲಸುತ್ತಿರಲಿಲ್ಲ. ಹಸಿರು ಬೇಕೆಂದರೆ ಹಳದಿಯ ಒಂದು ಗೀರು, ಪಕ್ಕದಲ್ಲೇ ನೀಲಿಯ ಒಂದು ಗೀರು. ಹತ್ತಿರ ಹೋದರೆ ಬರೀ ಗೀರುಗಳ ಗದ್ದಲ. ಇಪ್ಪತ್ತು ಹೆಜ್ಜೆ ಹಿಂದೆ ಸರಿದರೆ ಅಲ್ಲೊಂದು ಹುಣಸೆಮರ ನಿಂತಿರುತ್ತಿತ್ತು. ಇದನ್ನು ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅವರಪ್ಪ ಉದ್ದಕ್ಕೆ ಕೆಂಪು ಹಾಸು, ಅಡ್ಡಕ್ಕೆ ನೀಲಿ ಹೊಕ್ಕು ಹಾಕಿ ನೇಯುತ್ತಿದ್ದರಂತೆ. ಕೈಯಲ್ಲಿ ಹಿಡಿದರೆ ಎರಡು ನೂಲು, ಉಟ್ಟು ನಡೆದರೆ ಒಂದೇ ಬಣ್ಣ. "ಬಣ್ಣ ಕಲ್ಸೋದು ನಮ್ ಕೆಲ್ಸ ಅಲ್ಲ. ನೋಡೋರ ಕಣ್ಣು ಕಲಸ್ಕೊಳ್ತದೆ" ಎನ್ನುವರು. ಒಮ್ಮೆ ಇನ್ಸ್‌ಪೆಕ್ಷನ್ನಿಗೆ ಬಂದ ಅಧಿಕಾರಿಯೊಬ್ಬರು ಚಿತ್ರಗಳನ್ನು ನೋಡಿ ಇದು ಯಾವ ಇಸಂ ಎಂದು ಕೇಳಿದರು. ಡ್ರಾಯಿಂಗ್ ಸಾರ್ ಗಾಬರಿಯಾಗಿ ನನ್ನ ಮುಖ ನೋಡಿ, ಆಮೇಲೆ, "ಇಸಂ ತಿಳೀದು ಸಾರ್, ಹಾಸು ಹೊಕ್ಕು ತಿಳಿತದೆ" ಎಂದರು.

ಕ್ಲಾಸಿನಲ್ಲಿ ಅವರ ಒಂದೇ ಮಂತ್ರ, "ದೂರ ನಿಂತ್ಕಂಡ್ ನೋಡ್ರಲಾ." ಮಕ್ಕಳನ್ನು ಕೊಠಡಿಯಿಂದ ಹೊರಗೆ ಕಳಿಸಿ, ಮೈದಾನದ ಆ ತುದಿಯಿಂದ ಕಿಟಕಿಯಲ್ಲಿ ಬೋರ್ಡ್ ನೋಡಿಸುವರು. ಪಕ್ಕದ ಕ್ಲಾಸಿನಲ್ಲಿ ನಾನು ಸಂಧಿ ಹೇಳಿಕೊಡುತ್ತಿದ್ದರೆ ಮೈದಾನದಲ್ಲಿ ಗಲಾಟೆ. ನಾನು ಜಗಳಕ್ಕೆ ಹೋಗುತ್ತಿದ್ದೆ. ಅವರು ಸಂತರೇನಲ್ಲ. ಹೇಳಿದ ಹೊತ್ತಿಗೆ ಬರುವವರಲ್ಲ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವವರಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಕಾವಲಿದ್ದಾಗ ಗೋಡೆಯ ಮೇಲೆ ಬಿಸಿಲು ಸರಿಯುವುದನ್ನು ನೋಡುತ್ತ ನಿಂತು, ಅತ್ತ ಮಕ್ಕಳು ಧಾರಾಳವಾಗಿ ನಕಲು ಮಾಡಿ, ಅವರಿಗೆ ಮೆಮೊ ಬಂದಿತ್ತು. ಮೆಮೊ ಕಾಗದದ ಹಿಂಬದಿಯಲ್ಲಿ ಆ ಬಿಸಿಲನ್ನೇ ಬರೆದಿಟ್ಟುಕೊಂಡರು. ಹೀಗಿದ್ದರೂ ಅವರ ಜೊತೆ ನಡೆಯುವುದು ನನಗೆ ಇಷ್ಟವಿತ್ತು. ನನ್ನನ್ನು ನೋಡಿ ನಗುವ ಧೈರ್ಯ ಆ ಶಾಲೆಯಲ್ಲಿ ಇದ್ದದ್ದು ಅವರೊಬ್ಬರಿಗೇ.

ಅವರ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನ ಮಗ್ಗದ ಗುಂಡಿ ಹಾಗೇ ಉಳಿದಿತ್ತು. ಅದರ ಮೇಲಿನ ಗೋಡೆಗೆ ಮೂರಡಿ ಅಗಲದ ಒಂದು ಚಿತ್ರ. ಕೋಣೆ ಚಿಕ್ಕದು, ಹಿಂದೆ ಸರಿಯಲು ಜಾಗವಿಲ್ಲ. ಹೀಗಾಗಿ ಬಂದವರನ್ನು ಅವರು ಬೀದಿ ದಾಟಿಸಿ, ಎದುರಿನ ಅಂಗಡಿಯ ಜಗಲಿಯ ಮೇಲೆ ನಿಲ್ಲಿಸಿ, ತೆರೆದ ಬಾಗಿಲಿನ ಮೂಲಕ ತೋರಿಸುತ್ತಿದ್ದರು. ಅಲ್ಲಿಂದ ನೋಡಿದರೆ ನೀರು ಕಾಣುತ್ತಿತ್ತು. ನೀರಿನ ಅಂಚಿನಲ್ಲಿ ಆರೇಳು ಮಕ್ಕಳು. ಒಬ್ಬ ಬಗ್ಗಿ ನೀರಿನಲ್ಲಿ ಕೈಯಾಡಿಸುತ್ತಿದ್ದ, ಇಬ್ಬರು ಓಡುತ್ತಿದ್ದರು. ಇವರಿಂದ ಸ್ವಲ್ಪ ದೂರದಲ್ಲಿ ಒಬ್ಬ ಹುಡುಗಿ ಒಂಟಿಕಾಲಿನಲ್ಲಿ ನಿಂತು, ಇನ್ನೊಂದು ಪಾದದಿಂದ ಮೀನಖಂಡ ಕೆರೆದುಕೊಳ್ಳುತ್ತಿದ್ದಳು. ಯಾರಿಗೂ ಕಣ್ಣು ಮೂಗು ಬಾಯಿ ಇರಲಿಲ್ಲ. "ಮುಖಾನೇ ಬರೆದಿಲ್ಲವಲ್ಲ ಸಾರ್, ಬಣ್ಣ ಮುಗಿದುಹೋಯಿತೇ?" ಎಂದು ನಾನು ಗೇಲಿ ಮಾಡಿದೆ.

"ಮುಖ ನೋಡಿ ಗುರ್ತು ಹಿಡಿಯೋರು ಹೊರಗಿನೋರು. ಮನೆಯೋರಿಗೆ ನಿಂತಿರೋದು ನೋಡಿದ್ರೆ ಸಾಕು" ಎಂದರು.

"ಯಾವ ಜಾಗ ಇದು?"

"ಸಮುದ್ರ."

ನೀರೇನೋ ನೀಲಿಯಾಗಿರಲಿಲ್ಲ, ಇಟ್ಟಿಗೆಯ ಕೆಂಪಿತ್ತು. ಸಂಜೆಯ ಸಮುದ್ರ ಇರಬೇಕು ಎಂದುಕೊಂಡೆ. ದೂರದಲ್ಲಿ ಎರಡು ಬಿಳಿ ಗೀರುಗಳಿದ್ದವು, ಅವು ಹಾಯಿದೋಣಿಗಳು ಎಂದುಕೊಂಡೆ. ನಾನು ಎಷ್ಟು ಬೇಗ ಏನೇನು ಅಂದುಕೊಂಡುಬಿಡುತ್ತೇನೆ ಎನ್ನುವುದಕ್ಕೆ ಇದು ಸಾಕ್ಷಿ. ಅವರು ತಿದ್ದಲಿಲ್ಲ. ತಿದ್ದುವುದು ಅವರ ಸ್ವಭಾವವಲ್ಲ.

ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಅವರು ಆ ಚಿತ್ರವನ್ನು ಗೋಡೆಯಿಂದ ಇಳಿಸಿ, ಹಳೇ ಸೀರೆಯಲ್ಲಿ ಸುತ್ತಿ, ಬಸ್ ಸ್ಟ್ಯಾಂಡಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಬಾಗಿಲಲ್ಲೇ ಕಂಡಕ್ಟರ್ ಜೊತೆ ಜಗಳವಾಗುತ್ತಿತ್ತು, ಕೊನೆಗೆ ಡ್ರೈವರ್ ಪಕ್ಕದಲ್ಲಿ ಜಾಗ ಸಿಗುತ್ತಿತ್ತು. ನಾನೊಮ್ಮೆ ಎದುರಾಗಿ, "ಎಲ್ಲಿಗೆ ಸಾರ್ ಸವಾರಿ?" ಎಂದೆ.

"ಸಮುದ್ರಕ್ಕೆ ಹೋಯ್ತೀನಿ. ಇದನ್ನ ತೋರ್ಸ್ಕಂಡ್ ಬತ್ತೀನಿ."

ನನಗೆ ಇಷ್ಟು ಸಿಕ್ಕಿದ್ದೇ ತಡ. ನಮ್ಮ ಡ್ರಾಯಿಂಗ್ ಸಾರ್ ಬಣ್ಣ ಸರಿಯಿದೆಯೋ ಇಲ್ಲವೋ ಎಂದು ತಾಳೆ ನೋಡಲು ಸಮುದ್ರಕ್ಕೇ ಹೋಗುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಹಬ್ಬಿಸಿದೆ. ವರ್ಷವರ್ಷವೂ ಅದೇ ತಮಾಷೆ, ವರ್ಷವರ್ಷವೂ ಎಲ್ಲರೂ ನಕ್ಕರು. ಸೋಮವಾರ ಪ್ರೇಯರ್ ಹೊತ್ತಿಗೆ ಅವರು ವಾಪಸು ಬಂದಿರುತ್ತಿದ್ದರು. ಹಿಂದೂಪುರದಿಂದ ಭಾನುವಾರ ಹೊರಟು ಸೋಮವಾರಕ್ಕೆ ಹಿಂತಿರುಗುವವನು ಯಾವ ಸಮುದ್ರ ನೋಡಿಬಂದಾನು ಎಂದು ನಾನು ಒಂದು ನಿಮಿಷ ಯೋಚಿಸಲಿಲ್ಲ. ನಗಲು ಒಂದು ವಿಷಯ ಸಿಕ್ಕಿದ ಮೇಲೆ ನಾನು ಯೋಚಿಸುವವನಲ್ಲ.

ರಿಟೈರಾದ ಎರಡನೇ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ಕಟ್ಟಿತು. ಮಗ್ಗದ ಗುಂಡಿಯ ಪಕ್ಕದಲ್ಲೇ ಮಂಚ ಹಾಕಿ ಮಲಗಿಸಿದ್ದರು, ಪಕ್ಕದ ಮನೆಯವರು ಗಂಜಿ ತಂದು ಕುಡಿಸುತ್ತಿದ್ದರು. ನಾನು ಶಾಲೆ ಬಿಟ್ಟ ಮೇಲೆ ಹೋಗಿ ಕೂರುತ್ತಿದ್ದೆ. ಮಾತಿಲ್ಲದ ಅವರ ಎದುರಿಗೆ ನಾನೇ ಮಾತಾಡುತ್ತಿದ್ದೆ, ಅದು ನನಗೆ ಸಲೀಸು. ಒಂದು ಸಂಜೆ ಕೇಳಿಯೇಬಿಟ್ಟೆ, "ಈ ಚಿತ್ರಗಳನ್ನೆಲ್ಲ ಏನು ಮಾಡೋಣ ಸಾರ್?"

ಬಹಳ ಹೊತ್ತು ತೆಗೆದುಕೊಂಡು, "ಇಸ್ಕೂಲ್ಗೆ" ಎಂದರು. ಆಮೇಲೆ ಎಡಗೈ ಎತ್ತಿ ಗೋಡೆಯ ಕಡೆ ತೋರಿಸಿದರು. "ಅದು... ಸಮುದ್ರ... ದವ್ರಿಗೆ."

"ಸಮುದ್ರದವರಿಗೆ?"

"ಹೂಂ. ಸಮುದ್ರದವ್ರಿಗೆ."

ನನಗೆ ಅರ್ಥವಾಗಲಿಲ್ಲ. ಆದರೆ ಅರ್ಥವಾಗಲಿಲ್ಲ ಎಂದು ಹೇಳಲೂ ಇಲ್ಲ. ಅವರಿಂದ ಮತ್ತೆ ಮತ್ತೆ ಹೇಳಿಸುವುದು ಹಿಂಸೆ ಎಂದುಕೊಂಡು, "ಆಯಿತು ಸಾರ್, ಗೊತ್ತಾಯಿತು" ಎಂದೆ. ಅವರ ಮುಖ ಸಡಿಲವಾಯಿತು, ಕಣ್ಣು ಮುಚ್ಚಿಕೊಂಡರು. ಜೀವನದಲ್ಲಿ ಸಾವಿರ ಜನರ ಮಾತನ್ನು ನಿಲ್ಲಿಸಿ ಇನ್ನೊಂದು ಸಲ ಹೇಳಿಸಿದವನು ನಾನು. ಯಾರನ್ನು ಕೇಳಬೇಕಿತ್ತೋ ಅವರೊಬ್ಬರನ್ನು ಕೇಳಲಿಲ್ಲ. ಇದಾದ ಹದಿನೈದು ದಿನಕ್ಕೆ ಹೋಗಿಬಿಟ್ಟರು.

ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾಳೆ. ಚಿತ್ರಗಳನ್ನು ಹರಾಜು ಹಾಕಿ, ಬಂದ ದುಡ್ಡಿನಲ್ಲಿ ಶಾಲೆಗೊಂದು ಡ್ರಾಯಿಂಗ್ ಕೋಣೆ ಕಟ್ಟಿಸೋಣ ಎಂದಳು. ಒಳ್ಳೆಯ ಮಾತೇ. ಚಿತ್ರಗಳ ಪಟ್ಟಿ ಬರೆಯುವ ಕೆಲಸ ನನಗೆ ಬಂತು. ಅವಳು ಫೋನಿನಲ್ಲಿ ಫೋಟೋ ಕಳಿಸಿದ್ದನ್ನು ನೋಡಿ ಬೆಂಗಳೂರಿನ ಗ್ಯಾಲರಿಯೊಂದರ ಹುಡುಗ ಕಾರಿನಲ್ಲಿ ಬಂದ. ಆ ಒಂದು ಚಿತ್ರದ ಮುಂದೆ ಮೂಗು ತಾಗುವಷ್ಟು ಹತ್ತಿರ ನಿಂತು, "ಸಾರ್, ಇದು ಪಕ್ಕಾ ಇಂಪ್ರೆಷನಿಸ್ಟ್. ಬೀಚ್ ಸೀನ್, ಮಕ್ಕಳು... ಇಂಥದ್ದಕ್ಕೆ ಕಾಯ್ತಿರೋ ಕಸ್ಟಮರ್ ಇದ್ದಾರೆ. ಸೀ-ಫೇಸಿಂಗ್ ಮನೆ ಅವರದು" ಎಂದ. ನನ್ನ ತಲೆಯಲ್ಲಿ ದೀಪ ಹತ್ತಿತು. ಸಮುದ್ರದವರು! ಡ್ರಾಯಿಂಗ್ ಸಾರ್ ಹೇಳಿದ್ದು ಇದನ್ನೇ, ಸಮುದ್ರವನ್ನು ದಿನಾ ನೋಡುವವರ ಕೈಗೆ ಹೋಗಲಿ ಎಂದು. ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡು ಪಟ್ಟಿಯಲ್ಲಿ ಬರೆದೆ, 'ಕಡಲ ತೀರದಲ್ಲಿ ಮಕ್ಕಳು. ಇಂಪ್ರೆಷನಿಸ್ಟ್ ಶೈಲಿ. ಸಂಜೆಗೆಂಪಿನ ಅಲೆಗಳು, ದಿಗಂತದಲ್ಲಿ ಎರಡು ಹಾಯಿದೋಣಿಗಳು.' ಚಿತ್ರಗಳ ಜೊತೆ ಅವರ ಟ್ರಂಕಿನಲ್ಲಿ ಒಂದು ಕಟ್ಟು ನೋಟ್‌ಬುಕ್ಕುಗಳಿದ್ದವು. ಆಮೇಲೆ ನೋಡೋಣ ಎಂದು ಪಕ್ಕಕ್ಕಿಟ್ಟೆ.

ನಮ್ಮೂರಲ್ಲಿ ಹರಾಜು ಕೂಗಲು ಬರುವುದು ಹುಣಸೆಹಣ್ಣಿನ ಮಾರ್ಕೆಟ್ಟಿನವರಿಗೆ ಮಾತ್ರ. ಅಲ್ಲಿಂದಲೇ ಒಬ್ಬರನ್ನು ಕರೆಸಿದ್ದೆವು. ಒಂದು ಭಾನುವಾರ ಬೆಳಿಗ್ಗೆ ಶಾಲೆಯ ಹಾಲಿನಲ್ಲಿ ಚಿತ್ರಗಳನ್ನು ಸಾಲಾಗಿ ಒರಗಿಸಿದೆವು. ಆ ಮನುಷ್ಯ ಅಭ್ಯಾಸಬಲದಿಂದ ಪ್ರತಿ ಚಿತ್ರವನ್ನೂ ಮೂಸಿ ನೋಡಿ, ತೆಲುಗಿನಲ್ಲಿ ಸವಾಲು ಶುರುಮಾಡಿದ. ಜನ ಚೆನ್ನಾಗಿ ಸೇರಿದ್ದರು. ನಾನು ಜುಬ್ಬಾ ಹಾಕಿಕೊಂಡು ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದೆ.

ಆಗ ಹೊರಗೆ ಮೈದಾನದ ಬಿಸಿಲಲ್ಲಿ ಒಬ್ಬ ಹೆಂಗಸು ನಿಂತಿರುವುದು ಕಾಣಿಸಿತು. ಐವತ್ತರ ಸುಮಾರು, ಹೆಗಲಲ್ಲಿ ಒಂದು ಚೀಲ. ಬಾಗಿಲಿನ ಮೂಲಕ ಒಳಗೆ ನೋಡುತ್ತಿದ್ದಳು. ಯಾವುದೋ ಹಳೇ ವಿದ್ಯಾರ್ಥಿಯ ತಾಯಿ ಇರಬೇಕು, ಒಳಗೆ ಬರಲು ಸಂಕೋಚ ಎಂದುಕೊಂಡು ನಾನೇ ಹೋಗಿ ಕರೆದೆ.

"ಬಿಸಿಲಲ್ಲಿ ಯಾಕೆ ನಿಂತಿರಮ್ಮ? ಮುಂದೆ ಕುರ್ಚಿ ಖಾಲಿ ಇದೆ, ಬನ್ನಿ."

"ಇಲ್ಲೇ ಇರ್ಲಿ ಬುಡಿ ಸ್ವಾಮಿ" ಎಂದಳು, ಕಣ್ಣು ಕೀಳದೆ. "ಇಲ್ಲಿಂದ್ಲೇ ಚೆಂದಾಗಿ ಕಾಣ್ತಾಳೆ."

ನನ್ನ ಕಿವಿ ನೆಟ್ಟಗಾಯಿತು. ಈ ಊರಿನಲ್ಲಿ ಹೆಂಗಸಿಗೆ 'ಬಂತು ಹೋಯ್ತು' ಅನ್ನುವವರನ್ನು ದಿನಾ ಕೇಳಿದ್ದೆ. ಚಿತ್ರಕ್ಕೆ 'ಕಾಣ್ತಾಳೆ' ಅನ್ನುವವರನ್ನು ಇದೇ ಮೊದಲು ಕೇಳಿದ್ದು. ನಗುತ್ತ, ಸಣ್ಣ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದೆ, "ಚಿತ್ರ ಕಾಣುತ್ತೆ ಅನ್ನಬೇಕಮ್ಮ, ಕಾಣ್ತಾಳೆ ಅಲ್ಲ."

"ಹೂಂ ಸ್ವಾಮಿ" ಎಂದು ಅವಳು ಇನ್ನೆರಡು ಹೆಜ್ಜೆ ಹಿಂದೆ ಸರಿದಳು.

ನಾನು ಒಳಗೆ ಹೋದೆ. 'ಕಡಲ ತೀರದಲ್ಲಿ ಮಕ್ಕಳು' ಬಂತು. ಹುಣಸೆಹಣ್ಣಿನ ಮನುಷ್ಯ ಅದನ್ನು ಎತ್ತಿ ಹಿಡಿದು, "ಚೂಡಂಡಿ, ಪಿಲ್ಲಲು, ನೀಳ್ಳು!" ಎಂದು ಕೂಗಿದ. ನೋಡಿ, ಮಕ್ಕಳು, ನೀರು ಎಂದು. ಆ ಚಿತ್ರದ ಬಗ್ಗೆ ಅವತ್ತು ಸುಳ್ಳು ಹೇಳದವನು ಅವನೊಬ್ಬನೇ. ಗ್ಯಾಲರಿ ಹುಡುಗ ಕಿವಿಗೆ ಫೋನಿಟ್ಟುಕೊಂಡು ಕೈ ಎತ್ತುತ್ತ ಹೋದ. ಬೇರೆ ಬಟ್ಟೆ ಅಂಗಡಿಯವರೊಬ್ಬರು, ಡಾಕ್ಟರೊಬ್ಬರು ಸ್ವಲ್ಪ ದೂರ ಬಂದು ಕೈಬಿಟ್ಟರು. ಒಕಟೋಸಾರಿ, ರೆಂಡೋಸಾರಿ, ಮೂಡೋಸಾರಿ. ಕೋಣೆ ಕಟ್ಟಲು ಬೇಕಾದದ್ದು ಹೆಚ್ಚುಕಡಿಮೆ ಆ ಒಂದು ಚಿತ್ರದಿಂದಲೇ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ನಾನು. ಹುಡುಗ ಚಿತ್ರಕ್ಕೆ ಪ್ಲಾಸ್ಟಿಕ್ ಸುತ್ತಿ ಕಾರಿನಲ್ಲಿಟ್ಟುಕೊಂಡು ಹೋದ. ಹೊರಗೆ ಬಂದು ನೋಡಿದಾಗ ಆ ಹೆಂಗಸು ಇರಲಿಲ್ಲ.

ಟ್ರಂಕಿನ ನೋಟ್‌ಬುಕ್ಕುಗಳನ್ನು ನಾನು ತೆರೆದದ್ದು ಮುಂದಿನ ತಿಂಗಳು, ಮನೆ ಖಾಲಿ ಮಾಡುವಾಗ. ಒಂದರಲ್ಲಿ ಗ್ರಾಫ್ ಕಾಗದ ಮಡಚಿಟ್ಟಿತ್ತು, ಸೀರೆಯ ಅಂಚಿಗೆ ನಕ್ಷೆ ತೆಗೆಯುವಂಥದ್ದು. ಅದರ ಮೇಲೆ ಒಂದು ಗೆರೆ, ಅದರ ಪಕ್ಕ 'ಬ್ರಹ್ಮಸಮುದ್ರ ಕೆರೆ' ಎಂದು ಬರೆದಿತ್ತು. ದೂರದಲ್ಲಿ ಎರಡು ಕಡ್ಡಿ, 'ತೂಬಿನ ಕಂಬ.' ಗೆರೆಯ ಉದ್ದಕ್ಕೂ ಆರೇಳು ಇಂಟು ಗುರುತು, ಒಂದೊಂದರ ಕೆಳಗೂ ಒಂದೊಂದು ಮಗುವಿನ ಹೆಸರು. ಸ್ವಲ್ಪ ದೂರವಿದ್ದ ಒಂದು ಗುರುತಿಗೆ ಸುತ್ತು ಹಾಕಿ ಬರೆದಿದ್ದರು, 'ಚಿತ್ರ ಇವಳ ಅಮ್ಮನಿಗೆ.' ಕಾಗದದ ಹಿಂದೆ ವರ್ಷಕ್ಕೊಂದು ಸಾಲು. 'ತೋರಿಸಿದೆ. ಮನೆ ಸೋರುತ್ತಿದೆ, ನೀವೇ ಇಟ್ಟುಕೊಳ್ಳಿ ಎಂದರು.' 'ತೋರಿಸಿದೆ. ಈ ವರ್ಷವೂ ಬೇಡವಂತೆ.' 'ತೋರಿಸಿದೆ. ಮನೆ ಮಂಜೂರಾಗಿದೆ.' ಕೊನೆಯದು, 'ತೋರಿಸಿದೆ. ಗೋಡೆ ಎದ್ದಿದೆ. ತಾರಸಿ ಮೋಲ್ಡ್ ಬಿದ್ದ ಮೇಲೆ ಕೊಡುವುದು.'

ನಾನು ಮಗ್ಗದ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟೆ. ಆ ಬಿಸಿಲಲ್ಲಿ ನಿಂತಿದ್ದವಳು ಯಾರು ಎಂದು ಹೊಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳು ಹೇಳಿದ್ದು ಚಿತ್ರದ ಮಾತಲ್ಲ, ಮಗಳ ಮಾತು. ಅವಳ ವ್ಯಾಕರಣ ಸರಿಯಾಗಿಯೇ ಇತ್ತು.

ಗ್ಯಾಲರಿ ಹುಡುಗನಿಗೆ ಫೋನ್ ಮಾಡಿದೆ. ಮೊದಲು ಗದರಿದೆ, ಆಮೇಲೆ ಅಂಗಲಾಚಿದೆ. "ಕಸ್ಟಮರ್ ಡೀಟೇಲ್ಸ್ ಕೊಡಕ್ಕಾಗಲ್ಲ ಸಾರ್. ನಿಮ್ಮ ಮೆಸೇಜ್ ಕಳಿಸಿದ್ದೀನಿ, ಅವರಿಗೆ ವಾಪಸ್ ಕೊಡೋ ಮನಸ್ಸಿಲ್ಲ" ಎಂದ. ಯಾವ ಊರು ಅಷ್ಟಾದರೂ ಹೇಳು ಎಂದೆ. ಅದನ್ನೂ ಹೇಳುವಂತಿಲ್ಲವಂತೆ. ಕೊನೆಕೊನೆಗೆ ಅವನು ಫೋನ್ ಎತ್ತುವುದನ್ನೇ ಬಿಟ್ಟ. ಇತ್ತ ಶಾಲೆಯಲ್ಲಿ ಕೋಣೆಗೆ ಪಾಯ ತೆಗೆದಾಗಿತ್ತು.

ಒಂದು ಬೆಳಿಗ್ಗೆ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಅಲ್ಲಿ ಇಳಿದು ಬ್ರಹ್ಮಸಮುದ್ರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹುಡುಕುತ್ತಿದ್ದೆ. ಆಟೋದವನೊಬ್ಬ ತಲೆ ಹೊರಗೆ ಹಾಕಿ ಕೂಗಿದ, "ಸಮುದ್ರಂ, ಸಮುದ್ರಂ, ಸಮುದ್ರಂ! ರೆಂಡೇ ಸೀಟ್ಲು!" ಅವನ ಹಿಂದಿನವನೂ ಅದನ್ನೇ ಕೂಗಿದ. ಒಬ್ಬ ಮುದುಕ ನನ್ನನ್ನು ನೋಡಿ, "ಸಮುದ್ರಕ್ಕೇನಪ್ಪಾ? ಹತ್ತು, ಈಗ್ಲೇ ಹೋಯ್ತದೆ" ಎಂದ. ಕಲ್ಯಾಣದುರ್ಗದವರಿಗೆ ಬ್ರಹ್ಮಸಮುದ್ರ ಎಂದರೆ ಬರೀ ಸಮುದ್ರ. ಬ್ರಹ್ಮನನ್ನು ಅವರು ಬಿಟ್ಟು ಎಷ್ಟೋ ಕಾಲವಾಗಿತ್ತು. ಇಷ್ಟು ತಿಳಿಯಲು ನಾನು ಯಾವ ನಿಘಂಟನ್ನೂ ನೋಡಬೇಕಿರಲಿಲ್ಲ, ಅವರ ಜೊತೆ ಒಂದೇ ಒಂದು ಭಾನುವಾರ ಬಸ್ಸು ಹತ್ತಿದ್ದರೆ ಸಾಕಿತ್ತು.

ಕೆರೆಯ ಏರಿಯ ಪಕ್ಕದಲ್ಲೇ ಆಟೋ ಹೋಯಿತು. ತಳದಲ್ಲಿ ಸ್ವಲ್ಪ ಕೆಂಪು ನೀರಿತ್ತು. ಆ ತುದಿಯಲ್ಲಿ ತೂಬಿನ ಎರಡು ಕಲ್ಲುಕಂಬಗಳು, ಸುಣ್ಣ ಬಳಿದು ಬೆಳ್ಳಗಿದ್ದವು. ನನ್ನ ಹಾಯಿದೋಣಿಗಳು.

ನೋಟ್‌ಬುಕ್ಕಿನಲ್ಲಿದ್ದ ಹುಡುಗಿಯ ಹೆಸರು ಹೇಳಿ ಕೇಳಿದ್ದಕ್ಕೆ ಜನ ಮನೆ ತೋರಿಸಿದರು. ಹೊಸ ಮೋಲ್ಡಿನ ಒಂದು ಕೋಣೆ, ಗೋಡೆಗೆ ಇನ್ನೂ ಗಾರೆಯಾಗಿರಲಿಲ್ಲ. ಅವಳು ಹೊರಗೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದು, "ಅವತ್ತು ಕನ್ನಡ ಯೋಳ್ಕೊಟ್ರಲ್ಲ, ಆ ಸ್ವಾಮಿ ಅಲ್ವರಾ?" ಎಂದಳು. ಕುಹಕವೇನೂ ಇರಲಿಲ್ಲ ಅವಳ ಮಾತಿನಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಮುಚ್ಚಿಡದೆ ಎಲ್ಲ ಹೇಳಿದೆ. ಅವರು ಹೇಳಿದ ಮಾತು, ನಾನು ಗೊತ್ತಾಯಿತು ಎಂದದ್ದು, ಪಟ್ಟಿಯಲ್ಲಿ ಬರೆದದ್ದು. ಅವಳು ಮತ್ತೆ ಕೂತು, ಕಡಲೆಕಾಯಿಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡಳು.

"ಒಂದೇ ಒಂದು ಫೋಟೋ ಇಲ್ಲ ಸ್ವಾಮಿ ಅವ್ಳ್ದು" ಎಂದಳು ಆಮೇಲೆ. "ಇಸ್ಕೂಲ್ನಾಗೆ ಫೋಟೋ ತೆಗ್ದಾಗ ನಮ್ಮವ್ವನೂರ್ಗೆ ಹೋಗಿದ್ಲು. ಆಗ ನಮ್ತಾವ ಫೋನೆಲ್ಲಿತ್ತು? ಆ ವರ್ಷ ಕೆರೆ ತುಂಬಿತ್ತು, ಆಗ ಸಾರ್ ನಮ್ಮೂರ ಇಸ್ಕೂಲ್ನಾಗಿದ್ರು, ಮಕ್ಳನ್ನೆಲ್ಲ ಕರ್ಕಂಡೋಗಿ ಬರ್ದ್ರು. ಆಮ್ಯಾಕೆ ಆರು ತಿಂಗ್ಳಿಗೆ ಜ್ವರ ಬಂದು ಹೋಗ್ಬುಟ್ಲು. ನಮ್ಮ ಹುಡ್ಗಿ ನಿಂತ್ಕಳೋದೇ ಹಂಗೆ, ಒಂದ್ ಕಾಲ್ನಾಗೆ. ಎಷ್ಟ್ ಬೈದ್ರೂ ಬುಡ್ತಿರ್ಲಿಲ್ಲ."

"ಅವತ್ತು ಒಂದು ಮಾತು ಹೇಳಬಾರದಿತ್ತೇನಮ್ಮ?"

"ನಾನು ಬಂದಿದ್ದು ಸಾರ್ ಹೋಗ್ಬುಟ್ರು ಅಂತ ತಿಳಿದು. ಮನೆತಾವ ಹೋದ್ರೆ ಚಿತ್ರಗಳೆಲ್ಲ ಇಸ್ಕೂಲ್ನಾಗವೆ ಅಂದ್ರು. ಅಲ್ಲಿ ನೋಡಿದ್ರೆ ದೊಡ್ಡೋರೆಲ್ಲ ಸೇರವ್ರೆ, ಏಲಂ ಕೂಗ್ತಾವ್ರೆ. ಸಾರ್ ಹಂಗೇ ಯೋಳಿದ್ರೇನೋ ಅನ್ಕಂಡೆ. ಅವ್ರು ಬರ್ದಿದ್ದು, ಅವ್ರಿಷ್ಟ ಅಲ್ವಾ."

ನನಗೆ ಅಳು ಬಂತು. ಬಂದದ್ದನ್ನು ಬಂತೆಂದೇ ಬರೆಯುತ್ತಿದ್ದೇನೆ. ಅವಳು ಒಳಗೆ ಹೋಗಿ ಮಜ್ಜಿಗೆ ತಂದಳು. ಬಾಗಿಲು ತೆರೆದಾಗ ಒಳಗಿನ ಬರಿಯ ಇಟ್ಟಿಗೆ ಗೋಡೆಯಲ್ಲಿ ಒಂದು ದಪ್ಪ ಮೊಳೆ ಹೊಡೆದಿರುವುದು ಕಂಡಿತು. ಗ್ರಾಫ್ ಕಾಗದವನ್ನು ಅವಳ ಕೈಗೆ ಕೊಟ್ಟೆ. ಓದಲು ಬರುವುದಿಲ್ಲ ಎಂದಳು. ಮಗಳ ಗುರುತಿನ ಮೇಲೆ ಬೆರಳಿಟ್ಟು ಇದು ಎಂದೆ. ಅವಳು ಆ ಇಂಟು ಗುರುತನ್ನು ನೋಡಿ, "ಲಂಗದ ಬಣ್ಣ ಇಲ್ವಲ್ಲ ಇದ್ರಾಗೆ" ಎಂದು ಮಡಚಿ ಸೆರಗಿಗೆ ಕಟ್ಟಿಕೊಂಡಳು.

ವಾಪಸು ಆಟೋ ಬರುವ ಹೊತ್ತಾಯಿತು. ನಾನು ಎದ್ದೆ. ಮತ್ತೊಮ್ಮೆ ಕ್ಷಮಿಸಿ ಎನ್ನಲು ಹೋದರೆ ಅವಳು ಕೈ ಅಡ್ಡ ಮಾಡಿದಳು.

"ಆಗಿದ್ದು ಆಯ್ತು ಬುಡಿ. ಇದ್ದಿದ್ರೆ ಈ ವೊತ್ಗೆ ಯಾರ್ದೋ ಮನೆ ಸೇರಿರೋಳೇ ಅಲ್ವಾ" ಎಂದಳು. ಆಮೇಲೆ, ನಮ್ಮ ಕಡೆ ಹೆಣ್ಣು ಹೆತ್ತವರನ್ನು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಯಾರಾದರೂ ಕೇಳುವ ಹಾಗೆ, ತೀರಾ ಸಹಜವಾಗಿ ಕೇಳಿದಳು.

"ಯಾವೂರಿಗೆ ಕೊಟ್ರಿ ಸ್ವಾಮಿ?"

ಊರಿನ ಹೆಸರು ನನಗೆ ಗೊತ್ತಿರಲಿಲ್ಲ.